ಪತ್ರಿಕೋದ್ಯಮ ಸಾರ್ವಜನಿಕ ಸೇವೆಯಲ್ಲವೇ?

2025ರ ಜನವರಿಯಲ್ಲಿ ‘ದಿ ರಿಪೋರ್ಟರ್ಸ್ ಕಲೆಕ್ಟಿವ್’ ಎಂಬ ತನಿಖಾ ಪತ್ರಕರ್ತರ ತಂಡ ಒಂದು ಪ್ರಕಟಣೆ ಹೊರಡಿಸಿತು. ಲಾಭರಹಿತ ಸಂಸ್ಥೆ ಎಂಬ ತನ್ನ ಮಾನ್ಯತೆಯನ್ನು ಆದಾಯ ತೆರಿಗೆ ಇಲಾಖೆ ರದ್ದು ಮಾಡಿದೆ, ಪತ್ರಿಕೋದ್ಯಮದಿಂದ ಸಾರ್ವಜನಿಕ ಉದ್ದೇಶ ಈಡೇರುವುದಿಲ್ಲ ಎಂಬುದು ಇಲಾಖೆ ಕೊಟ್ಟ ಕಾರಣ ಎಂದು ಅದರಲ್ಲಿ ಹೇಳಿತ್ತು. ರಾಜ್ಯ ಸರ್ಕಾರದ ಕಡತಗಳನ್ನು ಜಾಲಾಡಿ ವರದಿ ಮಾಡುವ ಕನ್ನಡದ ‘ದಿ ಫೈಲ್’ ಜಾಲತಾಣದ ಮಾನ್ಯತೆಯೂ ಹೀಗೆಯೇ ರದ್ದಾಯಿತು. ಕ್ರಿಕೆಟ್ ತಂಡದ ಆಯ್ಕೆಯ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವ ನಾವು ಇದರ ಬಗ್ಗೆ ಮಾತೇ ಆಡಲಿಲ್ಲ. ಆಡಬೇಕಿತ್ತು. ಏಕೆಂದರೆ ಇದರಲ್ಲಿ ನಷ್ಟ ನಮ್ಮದೇ.

ಆದಾಯ ತೆರಿಗೆ ಕಾಯ್ದೆ ಯಾವುದನ್ನು ‘ಧರ್ಮಾರ್ಥ ಉದ್ದೇಶ’ ಎನ್ನುತ್ತದೆ? ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಯೋಗ, ಪರಿಸರ ಮತ್ತು ಸ್ಮಾರಕಗಳ ರಕ್ಷಣೆ. ಕೊನೆಯಲ್ಲಿ ಸಾರ್ವಜನಿಕರಿಗೆ ಉಪಯೋಗವಾಗುವ ಇತರ ಕೆಲಸಗಳಿಗೂ ಅಲ್ಲಿ ಜಾಗವಿದೆ. ಯೋಗ ಕಲಿಸುವುದು ಲೋಕೋಪಕಾರ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಜನರ ತೆರಿಗೆ ಹಣ ಎಲ್ಲಿ ಸೋರಿಹೋಯಿತು ಎಂದು ಜನರಿಗೆ ತಿಳಿಸುವುದು ಮಾತ್ರ ಲೋಕೋಪಕಾರ ಅಲ್ಲ ಎಂದರೆ ಹೇಗೆ?

ಇಂಥ ಪತ್ರಿಕೋದ್ಯಮ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಮಿಸಿಸಿಪ್ಪಿ ರಾಜ್ಯವನ್ನು ನೋಡಬಹುದು. ಅದು ಆ ದೇಶದ ಅತ್ಯಂತ ಬಡ ರಾಜ್ಯಗಳಲ್ಲಿ ಒಂದು. ಅಲ್ಲಿ ಬಡ ಕುಟುಂಬಗಳಿಗೆ ಸೇರಬೇಕಿದ್ದ ಹಣದಲ್ಲಿ ಕನಿಷ್ಠ 7.7 ಕೋಟಿ ಡಾಲರ್ ದುರ್ಬಳಕೆಯಾಗಿತ್ತು. ಅದರಲ್ಲಿ 50 ಲಕ್ಷ ಡಾಲರ್ ಹೋದದ್ದು ಒಂದು ವಿಶ್ವವಿದ್ಯಾಲಯದ ವಾಲಿಬಾಲ್ ಕ್ರೀಡಾಂಗಣಕ್ಕೆ! 2020ರಲ್ಲಿ ಕೆಲವರ ಬಂಧನವಾಯಿತು. ಆದರೆ ಅಧಿಕಾರದಲ್ಲಿದ್ದವರ ನಂಟು ಎಷ್ಟಿತ್ತು ಎಂಬುದನ್ನು ಮೊಬೈಲ್ ಸಂದೇಶಗಳ ಸಮೇತ ಬಯಲಿಗೆಳೆದದ್ದು ‘ಮಿಸಿಸಿಪ್ಪಿ ಟುಡೇ’ ಎಂಬ ಲಾಭರಹಿತ ಸುದ್ದಿಸಂಸ್ಥೆಯ ವರದಿಗಾರ್ತಿ ಆನಾ ವುಲ್ಫ್. ಆ ಸರಣಿಗೆ 2023ರ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ವರ್ಷ ರಾಜ್ಯದ ಮಾಜಿ ಗವರ್ನರ್ ಸಂಸ್ಥೆಯ ವಿರುದ್ಧ ಮಾನನಷ್ಟ ಮೊಕದ್ದಮೆಯನ್ನೂ ಹೂಡಿದರು. 2025ರ ಏಪ್ರಿಲ್‌ನಲ್ಲಿ ಅದು ವಜಾ ಆಯಿತು. ಅಷ್ಟು ಕಾಲ ಕೋರ್ಟಿಗೆ ಅಲೆಯುವ ತಾಕತ್ತು ಇಲ್ಲದಿದ್ದರೆ ಸಣ್ಣ ಸಂಸ್ಥೆಯೊಂದು ಬಾಗಿಲು ಹಾಕಬೇಕಾಗುತ್ತದೆ.

ಮಿಸಿಸಿಪ್ಪಿ ದೂರದ ಮಾತು ಎನಿಸಿದರೆ ನಮ್ಮ ಪಿಎಸ್‌ಐ ನೇಮಕಾತಿಯನ್ನೇ ನೆನಪಿಸಿಕೊಳ್ಳಿ. 545 ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದಿದ್ದರು. ಒಎಂಆರ್ ಹಾಳೆಯ ಪ್ರತಿ ಹೊರಬಿದ್ದ ಮೇಲೆ ಅಕ್ರಮದ ವಾಸನೆ ಹರಡಿತು. 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹಗಲು ರಾತ್ರಿ ಓದಿ ಪ್ರಾಮಾಣಿಕವಾಗಿ ಬರೆದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕಳೆದುಹೋಯಿತು. ವಯೋಮಿತಿಯ ಅಂಚಿನಲ್ಲಿರುವವರಿಗೆ ಎರಡು ವರ್ಷವೆಂದರೆ ಏನೆಂದು ಈ ಪುಟ ಓದುವವರಿಗೆ ವಿವರಿಸಬೇಕಿಲ್ಲ. ಒಂದು ಹಾಳೆಗೆ ಇಷ್ಟು ಶಕ್ತಿಯಿದೆ. ಆದರೆ ಪ್ರತಿ ಸಲವೂ ಹಾಳೆ ತಾನಾಗಿ ಹೊರಬರುವುದಿಲ್ಲ. ಹುಡುಕುವವರು ಬೇಕು, ಹುಡುಕುವಷ್ಟು ದಿನ ಅವರ ಸಂಬಳ ನಡೆಯಬೇಕು.

ದೇಣಿಗೆ ಪಡೆದವರು ದಾನಿಯ ಮಾತು ಕೇಳದೆ ಇರುತ್ತಾರೆಯೇ ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆ ಪತ್ರಕರ್ತರಿಗೂ ಅನ್ವಯಿಸುತ್ತದೆ. ಆದರೆ ಸರ್ಕಾರದ ಜಾಹೀರಾತು ಪಡೆದವರಿಗೂ ಅದೇ ಗಾದೆ ಇದೆಯಲ್ಲ! ನನಗೆ ತೋಚುವ ದಾರಿ ಎರಡು. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಯನ್ನು ಸಂಸ್ಥೆ ಬಹಿರಂಗಪಡಿಸಬೇಕು. ಜತೆಗೆ ಒಬ್ಬ ದೊಡ್ಡ ದಾನಿಯ ಬದಲು ಸಾವಿರಾರು ಸಣ್ಣ ದಾನಿಗಳಿರಬೇಕು. ಸಾವಿರ ಮಂದಿ ಐವತ್ತು ರೂಪಾಯಿ ಕೊಟ್ಟರೆ ಅವರಲ್ಲಿ ಯಾರೊಬ್ಬರೂ ಫೋನ್ ಮಾಡಿ ವರದಿ ನಿಲ್ಲಿಸಲು ಆಗುವುದಿಲ್ಲ.

ಸರ್ಕಾರದ ತಪ್ಪು ಹಿಡಿಯಲು ಲೆಕ್ಕಪರಿಶೋಧಕರಿದ್ದಾರೆ, ಲೋಕಾಯುಕ್ತ ಇದೆ, ಪತ್ರಕರ್ತರೇ ಏಕೆ ಎನ್ನುವವರೂ ಇದ್ದಾರೆ. ಸೇತುವೆ ಕಟ್ಟಿದವರೇ ಅದರ ಗುಣಮಟ್ಟಕ್ಕೆ ಸಹಿ ಹಾಕುವುದು ಸರಿಯಲ್ಲ ಎಂಬುದು ಎಂಜಿನಿಯರಿಂಗ್ ಓದುವ ನಮಗೆ ಗೊತ್ತಿರುವ ಪಾಠ. ಸರ್ಕಾರದ ಒಳಗಿನ ತಪಾಸಣೆ ಬೇಕು, ಹೊರಗಿನದೂ ಬೇಕು.

ನಮ್ಮ ಕೈಯಲ್ಲಿ ಏನಿದೆ? ಮೊಬೈಲ್ ರೀಚಾರ್ಜ್‌ಗೆ, ಸಿನಿಮಾ ನೋಡುವ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೇವೆ. ನಂಬಿಕೆ ಇರುವ ಒಂದು ಸುದ್ದಿಸಂಸ್ಥೆಗೂ ಐವತ್ತು ರೂಪಾಯಿ ತೆಗೆದಿಡೋಣ. ಅದೂ ಕಷ್ಟವಾದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕೋಣ. ನಮ್ಮ ಜಿಲ್ಲೆಯಲ್ಲಿ ಯಾವ ಇಲಾಖೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಎಷ್ಟು ವರ್ಷದಿಂದ ಖಾಲಿ ಇವೆ ಎಂದು ಕೇಳೋಣ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕಾದ್ದು ಇಲಾಖೆಯ ಹೊಣೆ. ಉತ್ತರ ಬಂದರೆ ಅದನ್ನು ಹಾಸ್ಟೆಲ್‌ನ ಗೋಡೆಗೆ ಅಂಟಿಸಿ. ಬರದಿದ್ದರೆ ಮೇಲ್ಮನವಿ ಸಲ್ಲಿಸಿ. ಪತ್ರಿಕೋದ್ಯಮ ಸಾರ್ವಜನಿಕರ ಕೆಲಸ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದನ್ನು ತೆರಿಗೆ ಇಲಾಖೆಯೊಂದಕ್ಕೇ ಬಿಟ್ಟು ಕೂರುವುದು ಬೇಡ.