ತಪ್ಪು ಮಾಡಲು ಒಂದು ಜಾಗ



ಅಂಗಡಿಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಸ್ಲ್ಯಾಬ್ ಹಾಕಿ ಒಂಬತ್ತು ದಿನವಾಗಿದೆ. ದೀಪಾವಳಿ ಹತ್ತಿರ ಬಂದಿದೆ, ಮಾಲು ಇಳಿಸಲು ಜಾಗವಿಲ್ಲ. ಮೇಸ್ತ್ರಿ ಬಂದು, "ಸಾವ್ಕಾರ್ರೇ, ಸೆಂಟ್ರಿಂಗ್ ಬಿಚ್ಚಲೇ?" ಎನ್ನುತ್ತಾನೆ. ಏನು ಹೇಳುವಿರಿ?

ಮನೆಯಲ್ಲಿ ಕುಳಿತು ಕೊಡುವ ಉತ್ತರ ಬೇರೆ, ಕೆಲಸದ ಜಾಗದ ಗಡಿಬಿಡಿಯಲ್ಲಿ ಕೊಡುವ ಉತ್ತರ ಬೇರೆ. ಈ ವ್ಯತ್ಯಾಸವನ್ನು ಅರಿಯಲು ವರ್ಚುವಲ್ ರಿಯಾಲಿಟಿ ಎಂಬ ಕೃತಕ ದೃಶ್ಯಲೋಕ ಉಪಯೋಗಕ್ಕೆ ಬಂದಿದೆ. ನೆದರ್ಲೆಂಡ್ಸ್‌ನ ಲೀವಾರ್ಡನ್ ಮತ್ತು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಇದಕ್ಕೆಂದೇ ಕೇಂದ್ರಗಳು ಹುಟ್ಟಿದವು. ದೊಡ್ಡ ಪರದೆಯ ಮೇಲೆ ಕಟ್ಟಡದ ಕೆಲಸ ನಡೆಯುತ್ತಿರುತ್ತದೆ. ಕಲಿಯುವವನೇ ಅಲ್ಲಿಯ ಮೇಲ್ವಿಚಾರಕ. ಮೇಸ್ತ್ರಿ, ಮಾಲೀಕರ ಪಾತ್ರಗಳಲ್ಲಿ ನಟರು ಬಂದು ಅವಸರಪಡಿಸುತ್ತಾರೆ. ಅವನು ಮೊದಲು ಏನನ್ನು ಗಮನಿಸಿದ, ಯಾರನ್ನು ಕೇಳಿದ, ಯಾವುದನ್ನು ಮರೆತ ಎಂದು ನೋಡಿ, ಕೊನೆಗೆ ಅವನೊಡನೆಯೇ ಕುಳಿತು ಚರ್ಚಿಸುತ್ತಾರೆ. ಅಲ್ಲಿ ತಪ್ಪಿದರೆ ಯಾರ ಪ್ರಾಣವೂ ಹೋಗುವುದಿಲ್ಲ.

ನಿಜಜೀವನದಲ್ಲಿ ಹಾಗಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದ ಸಾಂಪುಂಗ್ ಮಳಿಗೆಯಲ್ಲಿ 1995ರ ಜೂನ್ 29ರ ಬೆಳಿಗ್ಗೆಯೇ ಐದನೇ ಅಂತಸ್ತಿನಲ್ಲಿ ಬಿರುಕುಗಳು ಕಂಡಿದ್ದವು. ಆಡಳಿತದವರು ಮೇಲಂತಸ್ತನ್ನು ಮುಚ್ಚಿದರು, ಕೆಳಗಿನ ವ್ಯಾಪಾರ ನಿಲ್ಲಿಸಲಿಲ್ಲ. ಸಂಜೆ ಆರರ ಸುಮಾರಿಗೆ ಕಟ್ಟಡ ಕುಸಿದು 502 ಜನ ಸತ್ತರು. ಕಟ್ಟುವಾಗಲೇ ದೋಷಗಳಿದ್ದವು, ನಿಜ. ಆದರೆ ಆ ದಿನ ಬಾಗಿಲು ಹಾಕಿದ್ದರೆ ಅಷ್ಟು ಜೀವಗಳು ಉಳಿಯುತ್ತಿದ್ದವು. ಒಂದು ದಿನದ ಗಲ್ಲಾಪೆಟ್ಟಿಗೆಯ ಮೋಹ ಎಷ್ಟು ಬಲವಾದದ್ದೆಂದು ವ್ಯಾಪಾರಸ್ಥರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಪರದೆಯ ಮುಂದೆ ಕಲಿತದ್ದೇ ಎಲ್ಲವೂ ಅಲ್ಲ. ಅಲ್ಲಿ ಹೋಗುವುದು ಸ್ವಂತ ಹಣವಲ್ಲ, ಆದ್ದರಿಂದ ಧೈರ್ಯ ಸುಲಭ. ಆದರೂ ಒಂದು ಪಾಠ ನಮಗೂ ಸಲ್ಲುತ್ತದೆ: ಅವಸರ ಬರುವ ಮೊದಲೇ ನಿಯಮವನ್ನು ಬರೆದಿಡಬೇಕು.

ಈಗ ಮೇಸ್ತ್ರಿಯ ಪ್ರಶ್ನೆಗೆ ಬರೋಣ. ಕೇಳಬೇಕಾದದ್ದು ಹಬ್ಬ ಯಾವಾಗ ಎಂದಲ್ಲ, ಸ್ಲ್ಯಾಬಿನ ಆಧಾರಗಳ ನಡುವಿನ ಅಂತರ ಎಷ್ಟು ಎಂದು. ಭಾರತೀಯ ಮಾನಕ ಐ.ಎಸ್. 456ರ ಪ್ರಕಾರ, ಸಾಧಾರಣ ಸಿಮೆಂಟು ಬಳಸಿ ಚೆನ್ನಾಗಿ ನೀರುಣಿಸಿದ ಸ್ಲ್ಯಾಬಿಗೆ, ಅಂತರ 4.5 ಮೀಟರಿನವರೆಗಿದ್ದರೆ ಆಸರೆ ಕಂಬಗಳು ಕನಿಷ್ಠ 7 ದಿನ ಇರಬೇಕು. ಅದಕ್ಕೂ ಹೆಚ್ಚಿದ್ದರೆ 14 ದಿನ. ತೊಲೆಗಳಿಗೆ 14ರಿಂದ 21 ದಿನ. ಕೊನೆಯ ಮಾತು ಇಂಜಿನಿಯರರದ್ದು.

ಕೆಲಸ ಆರಂಭಿಸುವ ದಿನವೇ ಈ ಲೆಕ್ಕವನ್ನು ಗೋಡೆಗೆ ಅಂಟಿಸಿಡಿ. ಕೆಳಗೆ ನಿಂತು ಕೆಲಸ ಮಾಡುವವರೂ ಯಾರದೋ ಮನೆಯ ಮಕ್ಕಳೇ.