ಸಮೂಹಗಾನ ಯಾರ ಹೊಣೆ?

ವಾರ್ಷಿಕೋತ್ಸವದ ದಿನ ನಾಡಗೀತೆ ಹಾಡಲು ನಾವು 12 ಮಂದಿ ವೇದಿಕೆಯ ಮೇಲೆ ನಿಂತಿದ್ದೆವು. ಅರ್ಧಕ್ಕೆ ಬರುವಷ್ಟರಲ್ಲಿ ಮುಂದೆ ನಿಂತಿದ್ದ ಗೆಳತಿಗೆ ಕೆಮ್ಮು ಬಂದಿತು. ಆಕೆ ನಿಲ್ಲಿಸಿದಳು, ಆಕೆಯೊಡನೆ ಉಳಿದ ನಾವೆಲ್ಲರೂ ನಿಲ್ಲಿಸಿದೆವು. ಹಾರ್ಮೋನಿಯಂ ಮಾತ್ರ ಒಂದು ಸಾಲು ಮುಂದೆ ಹೋಗಿ, ನಾಚಿಕೊಂಡಂತೆ ಸುಮ್ಮನಾಯಿತು. ಸಭೆ ಮುಗಿದ ಮೇಲೆ ಎಲ್ಲರೂ ಆಕೆಯ ಗಂಟಲನ್ನೇ ದೂರಿದರು. ಮುಂದಿನ ವರ್ಷ ಧ್ವನಿಮುದ್ರಣವನ್ನು ಹಾಕಿದರಾಯಿತು ಎಂಬ ಮಾತೂ ಹೊರಟಿದೆ. ಈ ಎರಡನ್ನೂ ನಾನು ಒಪ್ಪಲಾರೆ.

ಕುವೆಂಪು ಅವರ ಈ ಗೀತೆ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡತಕ್ಕದ್ದೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಧಾಟಿ ಗೊತ್ತಾಯಿತು, ಕಾಲ ಗೊತ್ತಾಯಿತು. ಶ್ರುತಿ ಯಾವುದು, ಯಾರು ಎಲ್ಲಿ ಉಸಿರೆಳೆಯಬೇಕು ಎಂಬುದನ್ನು ಹಾಡುವವರೇ ಕೂತು ಗೊತ್ತುಮಾಡಿಕೊಳ್ಳಬೇಕಷ್ಟೆ. ನಾವು ಕೂತಿರಲಿಲ್ಲ. ಗೆಳತಿಯ ಕಂಠಕ್ಕೆ ಹೊಂದುವ ಶ್ರುತಿಯನ್ನೇ ಇಟ್ಟುಕೊಂಡೆವು. ಅದು ಹುಡುಗರಲ್ಲಿ ಹಲವರಿಗೆ ಒಗ್ಗದು. ಮೇಲಕ್ಕೆ ಹೋದರೆ ಕೊರಳು ಒಡೆಯುತ್ತದೆ, ಕೆಳಕ್ಕೆ ಇಳಿದರೆ ಸ್ವರವೇ ಏಳದು. ಬಾಯಿಬಿಟ್ಟು ಹೇಳಲು ಸಂಕೋಚಪಟ್ಟು ತುಟಿಯಾಡಿಸಿದೆವು. ಮೂರು ವರ್ಷ ತುಟಿಯಾಡಿಸಿದವರಲ್ಲಿ ಈ ಲೇಖಕನೂ ಒಬ್ಬ.

ನಮ್ಮೂರಿನ ಮದುವೆಗಳಲ್ಲಿ ಸೋಬಾನೆ ಹೇಳುವ ಹೆಂಗಸರನ್ನು ನೋಡಿ. ಒಬ್ಬಿಬ್ಬರು ಸೊಲ್ಲು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಅಷ್ಟರಲ್ಲಿ ಎತ್ತಿಕೊಟ್ಟವರಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿಯೂ ನೆನಪಿಗೆ ಬರುತ್ತದೆ. ನಮ್ಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳಿಗೆ ಕೆಮ್ಮು ಬಂದರೆ ಮಗ್ಗುಲಲ್ಲಿರುವ ಚಿಕ್ಕವ್ವ ನುಡಿಯನ್ನು ಎತ್ತಿಕೊಳ್ಳುತ್ತಾಳೆ. ಹಸೆಯ ಮೇಲೆ ಕೂತ ಮದುಮಕ್ಕಳಿಗೆ ಅದು ತಿಳಿಯುವುದೂ ಇಲ್ಲ. ಹೊಸದಾಗಿ ಬಂದ ಸೊಸೆಯನ್ನು ಅವರು ಹಿಂದಕ್ಕೆ ಕೂರಿಸುವುದಿಲ್ಲ, ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ. "ನೀನೊಂದು ಎತ್ತವ್ವಾ" ಎಂದು ಬಲವಂತ ಮಾಡುತ್ತಾರೆ. ಅವಳು ತಪ್ಪಿದರೆ ನಗುತ್ತಾರೆ, ನಕ್ಕು ತಿದ್ದುತ್ತಾರೆ.

ನಾವಾದರೋ ಹೊಸಬರನ್ನು ಕೊನೆಯ ಸಾಲಿಗೆ ತಳ್ಳುತ್ತೇವೆ. ಅಂತಿಮ ವರ್ಷದವರು ಕಾಲೇಜು ಬಿಟ್ಟೊಡನೆ ಮೇಳವೂ ಮುಗಿದುಹೋಗುತ್ತದೆ. ಉಳಿದವರು ಪುನಃ ಮೊದಲಿನಿಂದ ಕಲಿಯಬೇಕು. ವಾರಕ್ಕೊಂದು ದಿನ, ತರಗತಿಗಳು ಬಿಟ್ಟ ಮೇಲೆ ಅರ್ಧ ಗಂಟೆ ಸಾಕು. ಪ್ರತಿ ವಾರವೂ ಬೇರೊಬ್ಬರು ಹಾಡು ಎತ್ತಲಿ. ನಡುವೆ ಯಾರನ್ನಾದರೂ ಬೇಕೆಂದೇ ಸುಮ್ಮನಿರಿಸಿ, ಉಳಿದವರು ಮುಂದುವರಿಸಬಲ್ಲರೇ ಎಂದು ನೋಡಲಿ. ದೀರ್ಘವಾದ ಸ್ವರದಲ್ಲಿ ಎಲ್ಲರೂ ಒಮ್ಮೆಗೇ ಉಸಿರೆಳೆದರೆ ಹಾಡು ತುಂಡಾಗುತ್ತದೆ. ಪಕ್ಕದವರು ಹಾಡುತ್ತಿರುವಾಗ ಉಸಿರೆಳೆದು, ಸದ್ದಿಲ್ಲದೆ ಮತ್ತೆ ಸೇರಿಕೊಳ್ಳುವುದನ್ನು ಅಭ್ಯಾಸ ಮಾಡಲಿ. ಇದರಿಂದ ಒಳ್ಳೆಯ ಕಂಠದವರಿಗೆ ಅವಮಾನವಾಗುವುದೆಂದು ಕೆಲವರು ಹೇಳುವರು. ಆ ಗೆಳತಿಯನ್ನೇ ಕೇಳಿ ನೋಡಿ. ಮೂರು ವರ್ಷ, ಜ್ವರ ಬಂದರೂ ರಜ ಹಾಕಲು ಹೆದರಿದವಳು ಆಕೆ.

ಶ್ರುತಿಪೆಟ್ಟಿಗೆ ಕ್ರೀಡಾಕೊಠಡಿಯ ಬೀರುವಿನಲ್ಲಿದೆ. ಬೀಗದ ಕೈ ಸದ್ಯಕ್ಕೆ ನನ್ನಲ್ಲಿದೆ; ಪರೀಕ್ಷೆಗೆ ಮುಂಚೆ ಮೊದಲನೆಯ ವರ್ಷದವರು ಯಾರಾದರೂ ಬಂದು ಇಸಿದುಕೊಳ್ಳಬಹುದು.