‘ದೊಡ್ಡ ಟೇಬಲ್‌ನಲ್ಲಿ ಎಲ್ಲರೂ ಹೆದರಿ ಆಡುತ್ತಾರೆ, ಬ್ಲಫ್ ಮಾಡಿದರೆ ಗೆಲುವು ಖಚಿತ’: ಈ ಪೋಕರ್ ಸಲಹೆಯ ಲೆಕ್ಕ ಎಷ್ಟು ಸರಿ?

ಪೋಕರ್ ಆಡಿ ಹಣ ಗಳಿಸುವುದು ಹೇಗೆ ಎಂದು ಹೇಳಿಕೊಡುವ ಸಂದೇಶ ಮತ್ತು ವಿಡಿಯೊಗಳಲ್ಲಿ ಒಂದು ಸಲಹೆ ಮತ್ತೆ ಮತ್ತೆ ಕಾಣುತ್ತದೆ. ಸಣ್ಣ ಮೊತ್ತದ ಟೇಬಲ್‌ನಲ್ಲಿ ಯಾರೂ ಎಲೆ ಬಿಡುವುದಿಲ್ಲ, ಅಲ್ಲಿ ಬ್ಲಫ್ ನಡೆಯುವುದಿಲ್ಲ. ದೊಡ್ಡ ಮೊತ್ತದ ಟೇಬಲ್‌ಗೆ ಹೋದರೆ ಎಲ್ಲರೂ ಹಣ ಹೋಗುತ್ತದೆಂದು ಹೆದರಿ ಬಿಗಿಯಾಗಿ ಆಡುತ್ತಾರೆ, ಅಲ್ಲಿ ಜೋರಾಗಿ ಪಣ ಏರಿಸಿದರೆ ಸಾಕು, ಎಲೆ ಬಿಸಾಡಿ ಎದ್ದುಹೋಗುತ್ತಾರೆ ಎನ್ನುವುದು ಅದರ ಸಾರ.

ಈ ಸಲಹೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವೇ ಜೇಬು ಖಾಲಿ ಮಾಡುವುದು. ಎರಡನ್ನೂ ಲೆಕ್ಕ ಹಾಕಿ ನೋಡೋಣ.

ಮೊದಲು ಆಟವೇನು?

ಹೆಚ್ಚು ಪ್ರಚಲಿತವಾಗಿರುವುದು ಟೆಕ್ಸಸ್ ಹೋಲ್ಡೆಮ್ ಎಂಬ ಬಗೆ. ಪ್ರತಿಯೊಬ್ಬರಿಗೂ ಗುಟ್ಟಾಗಿ 2 ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ 5 ಎಲೆ. ಆಟ ಶುರುವಾಗುವ ಮುನ್ನವೇ ಇಬ್ಬರು ಕಡ್ಡಾಯವಾಗಿ ಹಣ ಇಡಬೇಕು. ಇವನ್ನು ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್ ಎನ್ನುತ್ತಾರೆ. ಮಧ್ಯದಲ್ಲಿ ಸೇರುವ ಹಣವೇ ಪಾಟ್. ಪಾಟ್ ಗೆಲ್ಲಲು ಎರಡೇ ದಾರಿ: ಕೊನೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಎಲೆ ತೋರಿಸುವುದು, ಇಲ್ಲವೇ ಉಳಿದವರೆಲ್ಲ ಎಲೆ ಬಿಡುವಂತೆ ಮಾಡುವುದು. ಎಲೆ ಚೆನ್ನಾಗಿಲ್ಲದಿದ್ದರೂ ಪಣ ಏರಿಸಿ ಎರಡನೆಯ ದಾರಿ ಹಿಡಿಯುವುದೇ ಬ್ಲಫ್.

52 ಎಲೆಗಳ ಕಟ್ಟಿನಿಂದ 2 ಎಲೆಗಳ 1,326 ಜೋಡಿಗಳನ್ನು ಮಾಡಬಹುದು. ಇವುಗಳಲ್ಲಿ ಮೇಲಿನ ಶೇ 10ರಿಂದ 15ರಷ್ಟು ಜೋಡಿಗಳನ್ನು ಮಾತ್ರ ಆಡಿ ಉಳಿದವನ್ನು ಬಿಡುವವರನ್ನು ‘ಟೈಟ್’ ಆಟಗಾರರು ಎನ್ನುತ್ತಾರೆ. ಸಿಕ್ಕಿದ್ದನ್ನೆಲ್ಲ ಆಡುವವರು ‘ಲೂಸ್’.

ಸಲಹೆಯಲ್ಲಿ ಸತ್ಯ ಎಲ್ಲಿದೆ?

ಪಾಟ್‌ನಲ್ಲಿ ₹100 ಇದೆ, ನಿಮ್ಮ ಕೈಯಲ್ಲಿ ಏನೂ ಇಲ್ಲ, ನೀವು ₹50 ಪಣ ಇಡುತ್ತೀರಿ ಎಂದುಕೊಳ್ಳಿ. ಎದುರಾಳಿ ಎಲೆ ಬಿಟ್ಟರೆ ₹100 ಲಾಭ, ಬಿಡದಿದ್ದರೆ ₹50 ನಷ್ಟ. ಇಲ್ಲಿ ಸಮಸಮ ಆಗಬೇಕಾದರೆ ಎದುರಾಳಿ 3 ಸಲಕ್ಕೆ 1 ಸಲ ಎಲೆ ಬಿಡಬೇಕು. ಪಣವನ್ನು ₹100ಕ್ಕೆ ಏರಿಸಿದರೆ 2 ಸಲಕ್ಕೆ 1 ಸಲ ಬಿಡಬೇಕು.

ಎದುರಾಳಿ ಲೂಸ್ ಆಗಿದ್ದು 100ರಲ್ಲಿ 20 ಸಲ ಮಾತ್ರ ಎಲೆ ಬಿಡುವವರಾದರೆ, ₹50ರ ಬ್ಲಫ್‌ಗೆ ಸರಾಸರಿ ₹20 ನಷ್ಟ. ಅದೇ ಎದುರಾಳಿ 100ರಲ್ಲಿ 50 ಸಲ ಬಿಡುವವರಾದರೆ ಸರಾಸರಿ ₹25 ಲಾಭ. ಹಾಗಾಗಿ ಎಲೆ ಬಿಡುವವರ ಎದುರು ಬ್ಲಫ್ ಹೆಚ್ಚಿಸಬೇಕು, ಬಿಡದವರ ಎದುರು ಕಡಿಮೆ ಮಾಡಬೇಕು ಎನ್ನುವುದು ಸರಿಯಾದ ತತ್ವವೇ. ಆದರೆ ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ.

ಕೂತ ಜಾಗ ಬದಲಾದರೆ ಲೆಕ್ಕವೂ ಬದಲು

ಬ್ಲೈಂಡ್‌ಗಳು ₹5 ಮತ್ತು ₹10 ಇರುವ 6 ಜನರ ಟೇಬಲ್ ತೆಗೆದುಕೊಳ್ಳಿ. ನೀವು ಪಣವನ್ನು ₹25ಕ್ಕೆ ಏರಿಸುತ್ತೀರಿ. ಎಲ್ಲರೂ ಎಲೆ ಬಿಟ್ಟರೆ ಸಿಗುವುದು ಬ್ಲೈಂಡ್‌ಗಳ ₹15. ಅಂದರೆ ₹15ರ ಆಸೆಗೆ ₹25 ಒಡ್ಡಿದ್ದೀರಿ. ಕೈಯಲ್ಲಿ ಏನೂ ಇಲ್ಲದೆ ಇದು ಸಮಸಮ ಆಗಲು 100ರಲ್ಲಿ ಕನಿಷ್ಠ 62.5 ಸಲ ಎಲ್ಲರೂ ಎಲೆ ಬಿಡಬೇಕು.

ಟೇಬಲ್‌ನಲ್ಲಿರುವ ಪ್ರತಿಯೊಬ್ಬರೂ 100ರಲ್ಲಿ 80 ಸಲ ಎಲೆ ಬಿಡುವ ಟೈಟ್ ಆಟಗಾರರು ಎಂದುಕೊಳ್ಳೋಣ. ನೀವು ಡೀಲರ್ ಜಾಗದಲ್ಲಿದ್ದು, ಮುಂಚಿನವರೆಲ್ಲ ಬಿಟ್ಟು, ನಿಮ್ಮ ನಂತರ ಇಬ್ಬರೇ ಉಳಿದಿದ್ದರೆ ಇಬ್ಬರೂ ಬಿಡುವ ಸಾಧ್ಯತೆ ಶೇ 64. ಕೂದಲೆಳೆಯಷ್ಟು ಲಾಭ. ಆದರೆ ನೀವೇ ಮೊದಲು ಆಡಬೇಕಾದ ಜಾಗದಲ್ಲಿದ್ದರೆ ನಿಮ್ಮ ಹಿಂದೆ ಐವರಿದ್ದಾರೆ. ಐವರೂ ಬಿಡುವ ಸಾಧ್ಯತೆ ಸುಮಾರು ಶೇ 33 ಮಾತ್ರ. ಅದೇ ಟೇಬಲ್, ಅದೇ ‘ಹೆದರಿದ’ ಜನ, ಅದೇ ಬ್ಲಫ್. ಒಂದು ಜಾಗದಲ್ಲಿ ತುಸು ಲಾಭ, ಇನ್ನೊಂದರಲ್ಲಿ ಭಾರಿ ನಷ್ಟ.

ಟೈಟ್ ಆಟಗಾರ ಎಲೆ ಬಿಡದೇ ಹೋದರೆ?

ಇದೇ ಅತಿ ಮುಖ್ಯ ಪ್ರಶ್ನೆ. ಟೈಟ್ ಆಟಗಾರ ಎಲೆ ಬಿಡಲಿಲ್ಲ ಎಂದರೆ ಅದೇ ಒಂದು ಮಾಹಿತಿ. ಅವರ ಕೈಯಲ್ಲಿ ಏನೋ ಇದೆ.

ನಿಮ್ಮ ಬಳಿ ಎಕ್ಕ ಮತ್ತು ರಾಣಿ ಇದೆ ಎನ್ನಿ. ನೋಡಲು ಚೆಂದದ ಜೋಡಿ. ನೀವು ಪಣ ಏರಿಸಿದಿರಿ, ಟೈಟ್ ಆಟಗಾರ ಅದರ ಮೇಲೆ ಮತ್ತೂ ಏರಿಸಿದರು. ಅವರು ಹೀಗೆ ಮಾಡುವುದು ಎರಡು ಎಕ್ಕ, ಎರಡು ರಾಜ, ಎರಡು ರಾಣಿ ಅಥವಾ ಎಕ್ಕ-ರಾಜ ಇದ್ದಾಗ ಮಾತ್ರ ಎಂದಾದರೆ, ನಿಮ್ಮ ಕೈಯಲ್ಲಿರುವ ಎಲೆಗಳನ್ನು ಕಳೆದು ಉಳಿಯುವುದು 24 ಜೋಡಿಗಳು: ಎಕ್ಕದ 3, ರಾಜನ 6, ರಾಣಿಯ 3, ಎಕ್ಕ-ರಾಜದ 12. ಈ 24ರಲ್ಲಿ ಒಂದರ ಎದುರೂ ನೀವು ಮುಂದಿಲ್ಲ. ಇಲ್ಲಿ ಜೋರು ತೋರಿಸುವುದು ಧೈರ್ಯವಲ್ಲ, ಎಲೆ ಬಿಡುವುದೇ ಜಾಣತನ.

ಹಾಗಾಗಿ ಟೈಟ್ ಆಟಗಾರರಿಗೆ ತಕ್ಕಂತೆ ಆಟ ಬದಲಿಸುವುದು ಎಂದರೆ ಬರೀ ಬ್ಲಫ್ ಹೆಚ್ಚಿಸುವುದಲ್ಲ. ಕೊನೆಯ ಜಾಗಗಳಿಂದ ಸಣ್ಣ ಮೊತ್ತದಲ್ಲಿ ಹೆಚ್ಚು ಪ್ರಯತ್ನಿಸುವುದು, ಪ್ರತಿರೋಧ ಬಂದ ಕೂಡಲೇ ಕೈಬಿಡುವುದು, ಮಧ್ಯಮ ಎಲೆ ಇಟ್ಟುಕೊಂಡು ದೊಡ್ಡ ಪಾಟ್ ಕಟ್ಟದಿರುವುದು, ಈ ಮೂರೂ ಒಟ್ಟಿಗೆ ಆಗಬೇಕು. ಲೂಸ್ ಆಟಗಾರರ ಎದುರು ಮಧ್ಯಮ ಎಲೆಗೂ ಹಣ ಬರುತ್ತದೆ, ಏಕೆಂದರೆ ಅವರು ಅದಕ್ಕಿಂತ ಕೆಟ್ಟ ಎಲೆ ಇಟ್ಟುಕೊಂಡೂ ಹಣ ಹಾಕುತ್ತಾರೆ. ಟೈಟ್ ಆಟಗಾರರು ಅಂಥ ಎಲೆಗಳನ್ನು ಬಿಟ್ಟುಬಿಡುತ್ತಾರೆ, ನಿಮ್ಮನ್ನು ಸೋಲಿಸುವ ಎಲೆ ಇದ್ದಾಗ ಮಾತ್ರ ಉಳಿಯುತ್ತಾರೆ. ಫಾರ್ವರ್ಡ್ ಹೇಳುವುದು ಮೊದಲನೆಯದನ್ನು ಮಾತ್ರ, ಅದೂ ಅರ್ಧಂಬರ್ಧ.

ಅವರು ನಿಜಕ್ಕೂ ಟೈಟ್ ಆಟಗಾರರೇ?

ಯಾರೋ ಸತತ 10 ಸಲ ಎಲೆ ಬಿಟ್ಟರೆಂದು ಅವರನ್ನು ಹೆದರುಪುಕ್ಕಲರು ಎಂದುಕೊಳ್ಳುವುದು ಸುಲಭ. ಆದರೆ 100ರಲ್ಲಿ 20 ಸಲ ಆಡುವ ಸಾಮಾನ್ಯ ಆಟಗಾರರೂ ಕೆಟ್ಟ ಎಲೆ ಬಂದು ಸತತ 10 ಸಲ ಬಿಡುವ ಸಾಧ್ಯತೆ ಸುಮಾರು ಶೇ 11. ತೀರಾ ಟೈಟ್ ಆಗಿ 100ರಲ್ಲಿ 12 ಸಲ ಮಾತ್ರ ಆಡುವವರಿಗೆ ಅದು ಸುಮಾರು ಶೇ 28. ವ್ಯತ್ಯಾಸ ಇದೆ, ಆದರೆ ಹಣ ಒಡ್ಡುವಷ್ಟು ಖಚಿತವಾದ ವ್ಯತ್ಯಾಸವಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಎಂದರೆ ಟೈಟ್ ಆಟವೆಂದರೆ ಹೆದರಿಕೆ ಎನ್ನುವುದು. ದೊಡ್ಡ ಟೇಬಲ್‌ನಲ್ಲಿ ಕಡಿಮೆ ಎಲೆ ಆಡುವ ಎಷ್ಟೋ ಜನ ಲೆಕ್ಕ ಹಾಕಿಯೇ ಹಾಗೆ ಆಡುತ್ತಾರೆ. ನೀವು ಪದೇ ಪದೇ ಪಣ ಏರಿಸುತ್ತಿದ್ದೀರಿ ಎಂದು ಗೊತ್ತಾದ ಮೇಲೆ ಅವರೂ ಆಟ ಬದಲಿಸುತ್ತಾರೆ. ಅಲ್ಲದೆ ಫಾರ್ವರ್ಡ್ ಓದಿದ ಎಲ್ಲರೂ ಅದೇ ಟೇಬಲ್‌ಗೆ ಹೋಗಿ ಬ್ಲಫ್ ಶುರು ಮಾಡಿದರೆ ಅದು ಟೈಟ್ ಟೇಬಲ್ ಆಗಿ ಉಳಿಯುವುದಾದರೂ ಹೇಗೆ?

‘ಸಣ್ಣ ಟೇಬಲ್‌ನಲ್ಲಿ ಗೆದ್ದಿದ್ದೇನೆ, ಮೇಲೆ ಹೋಗಬಹುದು’

ಇದು ಇನ್ನೂ ಅಪಾಯದ ತೀರ್ಮಾನ. ಪೋಕರ್‌ನಲ್ಲಿ ಅದೃಷ್ಟದ ಏರಿಳಿತ ಬಹಳ ದೊಡ್ಡದು. 100 ಹ್ಯಾಂಡ್‌ಗೆ, ಅಂದರೆ 100 ಸಲ ಎಲೆ ಹಂಚಿ ಆಡಿದಾಗ, ಸರಾಸರಿ 5 ಬಿಗ್ ಬ್ಲೈಂಡ್ ಗೆಲ್ಲುವ ಒಳ್ಳೆಯ ಆಟಗಾರರನ್ನು ತೆಗೆದುಕೊಳ್ಳಿ. ಅದೇ 100 ಹ್ಯಾಂಡ್‌ಗಳಲ್ಲಿ ಏರಿಳಿತ ಸುಮಾರು 90 ಬಿಗ್ ಬ್ಲೈಂಡ್ ಎನ್ನಿ. ಅವರು 10,000 ಹ್ಯಾಂಡ್ ಆಡಿದರೆ ನಿರೀಕ್ಷಿತ ಗೆಲುವು 500, ಆದರೆ ಏರಿಳಿತ 900. ಅಂದರೆ ಇಷ್ಟು ಒಳ್ಳೆಯ ಆಟಗಾರರೂ 10,000 ಹ್ಯಾಂಡ್‌ಗಳ ನಂತರ ನಷ್ಟದಲ್ಲಿರುವ ಸಾಧ್ಯತೆ ಸುಮಾರು 10ರಲ್ಲಿ 3. ಇದನ್ನೇ ತಿರುಗಿಸಿ ನೋಡಿ: ಅಷ್ಟೇ ಪ್ರಮಾಣದಲ್ಲಿ ಸೋಲುವ ಆಟಗಾರರೂ 10ರಲ್ಲಿ 3 ಸಲ ಲಾಭದಲ್ಲಿರುತ್ತಾರೆ, ತಾವು ಜಾಣರೆಂದು ನಂಬಿ ಮೇಲಿನ ಟೇಬಲ್‌ಗೆ ಹೋಗುತ್ತಾರೆ.

ವಿಜ್ಞಾನಿಗಳಿಗೂ ಈ ಸಮಸ್ಯೆ ಗೊತ್ತಿತ್ತು. 2017ರ ಜನವರಿಯಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತುವೊಮಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಪಿಟ್ಸ್‌ಬರ್ಗ್‌ನ ಕ್ಯಾಸಿನೊದಲ್ಲಿ ನಾಲ್ವರು ವೃತ್ತಿಪರರ ಎದುರು ಆಡಿತು. 20 ದಿನ, ಒಟ್ಟು 1,20,000 ಹ್ಯಾಂಡ್. ಅದೃಷ್ಟದ ಪಾಲು ತಗ್ಗಿಸಲು ಒಬ್ಬ ಆಟಗಾರನಿಗೆ ಬಂದ ಎಲೆಗಳನ್ನೇ ಇನ್ನೊಂದು ಆಟದಲ್ಲಿ ಕಂಪ್ಯೂಟರ್‌ಗೆ ಕೊಡುವ ಏರ್ಪಾಡು ಮಾಡಿದ್ದರು. 100 ಹ್ಯಾಂಡ್‌ಗೆ ಸುಮಾರು 14.7 ಬಿಗ್ ಬ್ಲೈಂಡ್‌ನಂತೆ ಲಿಬ್ರಾಟಸ್ ಗೆದ್ದಿತು. ಯಾರು ಮೇಲು ಎಂದು ಹೇಳಲು ಅವರಿಗೇ ಇಷ್ಟೆಲ್ಲ ಬೇಕಾಯಿತು ಎಂದ ಮೇಲೆ, ಒಂದು ವಾರದ ಗೆಲುವು ಏನನ್ನೂ ಸಾಬೀತು ಮಾಡುವುದಿಲ್ಲ.

ಹೆದರುವವರು ಯಾರು?

ಸಾಮಾನ್ಯವಾಗಿ 100 ಬಿಗ್ ಬ್ಲೈಂಡ್ ಹಿಡಿದು ಟೇಬಲ್‌ಗೆ ಕೂರುತ್ತಾರೆ. ₹5-₹10ರ ಟೇಬಲ್‌ನಲ್ಲಿ ಅದು ₹1,000. ₹25-₹50ರ ಟೇಬಲ್‌ನಲ್ಲಿ ₹5,000. ಮೇಲಿನ ಲೆಕ್ಕದಲ್ಲಿ 300 ಬಿಗ್ ಬ್ಲೈಂಡ್ ಕಳೆದುಕೊಳ್ಳುವುದು ತೀರಾ ಮಾಮೂಲಿ ಸಂಗತಿ. ಕೆಳಗಿನ ಟೇಬಲ್‌ನಲ್ಲಿ ಅದು ₹3,000, ಮೇಲಿನದರಲ್ಲಿ ₹15,000. ಮನೆ ಬಾಡಿಗೆಯ ಹಣವನ್ನು ಮುಂದಿಟ್ಟುಕೊಂಡು ಕೂತವರೇ ಟೇಬಲ್‌ನಲ್ಲಿ ಎಲ್ಲರಿಗಿಂತ ಹೆದರಿ ಆಡುವವರು. ಅಂದರೆ ಫಾರ್ವರ್ಡ್ ನಂಬಿ ಹೋದವರೇ ಅಲ್ಲಿ ‘ಟೈಟ್’ ಆಗುತ್ತಾರೆ, ಉಳಿದವರ ಬ್ಲಫ್‌ಗೆ ಬಲಿಯಾಗುತ್ತಾರೆ.

ಇದರ ಮೇಲೆ ರೇಕ್ ಎಂಬ ಕಡಿತವಿದೆ. ಆಟ ನಡೆಸುವವರು ಪಾಟ್‌ನಿಂದ ತಮ್ಮ ಪಾಲು ತೆಗೆಯುತ್ತಾರೆ. ಶೇ 5 ಎಂದಾದರೆ ₹400ರ ಪಾಟ್‌ನಲ್ಲಿ ₹20 ಅವರಿಗೆ. ಟೇಬಲ್‌ನಲ್ಲಿ ಒಬ್ಬರು ಗೆದ್ದದ್ದು ಇನ್ನೊಬ್ಬರ ಹಣವೇ. ರೇಕ್ ಕಳೆದ ಮೇಲೆ ಆಟಗಾರರೆಲ್ಲರ ಲಾಭ-ನಷ್ಟ ಕೂಡಿಸಿದರೆ ಬರುವುದು ನಷ್ಟವೇ. ಹಾಗಾಗಿ ‘ಎಲ್ಲರೂ ಗೆಲ್ಲಬಹುದಾದ ಸೂತ್ರ’ ಎನ್ನುವುದು ಪೋಕರ್‌ನಲ್ಲಿ ಸಾಧ್ಯವೇ ಇಲ್ಲ.

ಕಾನೂನು ಏನು ಹೇಳುತ್ತದೆ?

ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ‘ಕೋರ್ಟೇ ಒಪ್ಪಿದೆ’ ಎನ್ನುವ ಹಳೆಯ ಫಾರ್ವರ್ಡ್‌ಗಳ ಮೂಲ ಇದು.

ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನು ಅದು ನಿಷೇಧಿಸುತ್ತದೆ. ಒದಗಿಸುವವರಿಗೆ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ ವಿಧಿಸಬಹುದು. ಇಂಥ ಆಟಗಳ ಜಾಹೀರಾತಿಗೂ ಶಿಕ್ಷೆಯಿದೆ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ಹೋಗಿವೆ. ಆದ್ದರಿಂದ ಸಲಹೆಯ ಕೆಳಗೆ ಆ್ಯಪ್ ಲಿಂಕ್ ಇದ್ದರೆ ಮುಟ್ಟದಿರುವುದೇ ಕ್ಷೇಮ.

ಇದು ಮನಸ್ಸಿನ ವಿಷಯವೂ ಹೌದು

ಕಳೆದುಕೊಂಡ ಹಣವನ್ನು ವಾಪಸ್ ಪಡೆಯಲು ದೊಡ್ಡ ಟೇಬಲ್‌ಗೆ ಹೋಗಬೇಕು ಅನ್ನಿಸುವುದು, ಮನೆಯವರಿಂದ ಮುಚ್ಚಿಡುವುದು, ಸಾಲ ಮಾಡಿ ಆಡುವುದು, ಇವು ಎಚ್ಚರಿಕೆಯ ಗಂಟೆಗಳು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ (ಐಸಿಡಿ-11) ಜೂಜಿನ ಚಟಕ್ಕೆ ಮಾನಸಿಕ ಸಮಸ್ಯೆಯಾಗಿ ಸ್ಥಾನವಿದೆ. ಅಂದರೆ ಇದು ಬೈದು ಸರಿಮಾಡುವ ದೌರ್ಬಲ್ಯವಲ್ಲ, ಚಿಕಿತ್ಸೆ ಇರುವ ತೊಂದರೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕಾಗಿಯೇ ‘ಶಟ್’ ಎಂಬ ಕ್ಲಿನಿಕ್ ಇದೆ.

ಒಟ್ಟಾರೆ ಹೇಳುವುದಾದರೆ

ಎಲೆ ಬಿಡುವವರ ಎದುರು ಬ್ಲಫ್ ಹೆಚ್ಚು ಫಲಿಸುತ್ತದೆ ಎನ್ನುವುದು ನಿಜ. ಅದರಿಂದ ಗೆಲುವು ಖಚಿತ ಎನ್ನುವುದು ಸುಳ್ಳು. ಕೂತ ಜಾಗ, ಎದುರಾಳಿಯ ಪ್ರತಿಕ್ರಿಯೆ, ರೇಕ್, ಅದೃಷ್ಟದ ಏರಿಳಿತ, ನಿಮ್ಮ ಜೇಬು, ಎಲ್ಲವನ್ನೂ ಬಿಟ್ಟು ಒಂದೇ ಸಾಲು ಹೇಳುವ ಸಲಹೆ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಒಂದು ಪ್ರಶ್ನೆ ಕೇಳಿ: ಗೆಲುವು ಅಷ್ಟು ಖಚಿತವಾಗಿದ್ದರೆ, ಇದನ್ನು ಬರೆದವರು ಆ ಟೇಬಲ್ ಬಿಟ್ಟು ನಮಗೆ ಪಾಠ ಹೇಳುತ್ತಿರುವುದು ಏಕೆ?